ಹಿಂದೆ ಮಲಗಿ ಬಂದ ದಿನ

ಕಲ್ಯಾಣಪುರದ ಸ್ವರ್ಣಾ ಸೇತುವೆಯನ್ನು ಆಂಬುಲೆನ್ಸ್‌ನಲ್ಲಿ ಎಷ್ಟು ಸಲ ದಾಟಿದ್ದೇನೋ, ಲೆಕ್ಕ ಇಟ್ಟವನಲ್ಲ. ಕುಂದಾಪುರ ಕಡೆಯಿಂದ ಮಣಿಪಾಲಕ್ಕೆ 19 ವರ್ಷ ಓಡಿಸಿದೆ. ಹೆದ್ದಾರಿಗೆ 17 ಎಂಬ ನಂಬರಿದ್ದ ಕಾಲದಿಂದ ಅದು 66 ಆಗಿ ನಾಲ್ಕು ಪಥವಾಗುವವರೆಗೂ. ಅಷ್ಟೂ ವರ್ಷ ನಾನಿದ್ದದ್ದು ಸ್ಟಿಯರಿಂಗ್ ಹಿಂದೆ. ಕಳೆದ ತಿಂಗಳು ಮೊದಲ ಸಲ ಅದೇ ಸೇತುವೆಯನ್ನು ಹಿಂದೆ ಮಲಗಿಕೊಂಡು ದಾಟಿದೆ. ಅದನ್ನು ಬರೆಯಬೇಕು ಅನಿಸಿತು.

ಕೆಲಸ ಬಿಟ್ಟ ಮೇಲೆ ಒಂದು ಹಳೆಯ ಆಂಬುಲೆನ್ಸ್ ತೆಗೆದುಕೊಂಡೆ. ಫೋರ್ಸ್ ಟ್ರಾವೆಲರ್, ನಮ್ಮ ಬಾಯಲ್ಲಿ ಈಗಲೂ ಟೆಂಪೋ ಟ್ರಾವೆಲರ್. ಆ ಇಂಜಿನ್ನಿನ ಶಬ್ದದಲ್ಲೇ ಅದರ ಆರೋಗ್ಯ ಗೊತ್ತಾಗುವಷ್ಟು ಪರಿಚಯ ನನಗುಂಟು. ಅದನ್ನು ಉಳಿಯುವ, ಅಡುಗೆ ಮಾಡುವ ಗಾಡಿ ಮಾಡಿಕೊಂಡು ಕಛ್ ನೋಡಿ, ಅಲ್ಲಿಂದ ಸ್ಪಿತಿಯ ಕಾಜಾವರೆಗೆ ಹೋಗಬೇಕೆಂಬ ಆಸೆ. ಆಸೆ ಹೆಂಡತಿಯದ್ದು ಮೊದಲು. "ಊರವರನ್ನೆಲ್ಲ ಕೂರಿಸಿಕೊಂಡು ಹೋದ್ರಿ, ನನ್ನನ್ನು ಕರ್ಕೊಂಡು ಹೋಗುವುದು ಯಾವಾಗ?" ಎಂದು ಕೇಳಿದ್ದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಸೈರನ್ ಮತ್ತು ಮೇಲಿನ ದೀಪವನ್ನು ಮೊದಲ ದಿನವೇ ಬಿಚ್ಚಿದೆ. ಕಾನೂನು ಹಾಗೆ ಹೇಳುತ್ತದೆ, ಸರಿ. ಆದರೆ ನನಗೆ ಅದಕ್ಕಿಂತ ದೊಡ್ಡ ಕಾರಣ ಉಂಟು. ಆ ಶಬ್ದ ಕೇಳಿದರೆ ಎಂಥ ಅವಸರದ ಬಸ್ಸಿನವನೂ ಎಡಕ್ಕೆ ಸರಿಯುತ್ತಾನೆ. ಆ ಮರ್ಯಾದೆ ಒಳಗೆ ಮಲಗಿದವರಿಗೆ ಸಲ್ಲುವಂಥದ್ದು, ತಿರುಗಾಟಕ್ಕೆ ಹೊರಟವರಿಗಲ್ಲ. ಬಾನೆಟ್ ಮೇಲಿನ ಉಲ್ಟಾ ಅಕ್ಷರಗಳನ್ನೂ ಬಿಸಿಗಾಳಿ ಹಿಡಿದು ಕಿತ್ತೆ. ಮುಂದಿನ ಗಾಡಿಯವರ ಕನ್ನಡಿಯಲ್ಲಿ ನೆಟ್ಟಗೆ ಕಾಣಲಿ ಎಂದು ಹಾಗೆ ಬರೆಯುವುದು. ಸ್ಟಿಕರ್ ಹೋಯಿತು, ಅಕ್ಷರ ಹೋಗಲಿಲ್ಲ. ಬಿಸಿಲು ತಾಗದ ಕಡೆ ಬಣ್ಣ ಬೆಳ್ಳಗೇ ಉಳಿದು, ಸಂಜೆಯ ಓರೆ ಬೆಳಕಿನಲ್ಲಿ ಪೂರ್ತಿ ಓದಲು ಬರುತ್ತಿತ್ತು. ಕೊನೆಗೆ ಬಾನೆಟ್ಟಿಗೆ ಹೊಸ ಬಣ್ಣ ಹೊಡೆಸಿದೆ.

ಈ ಕೆಲಸಕ್ಕೆ ಇಳಿಯುವವರು ಮೊದಲು ಆರ್‌ಟಿಒ ಕಚೇರಿಗೆ ಹೋಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯ ಸ್ವರೂಪವನ್ನು ನಮ್ಮಷ್ಟಕ್ಕೆ ಬದಲಾಯಿಸುವ ಹಾಗಿಲ್ಲ. ಇಂಥ ಗಾಡಿಗಳಿಗೆ ಎಐಎಸ್-124 ಎಂಬ ಮಾನದಂಡ ಬೇರೆ ಉಂಟು. ಪ್ಲೈವುಡ್ ಕೊಯ್ದ ಮೇಲೆ ಕೇಳಲು ಹೋದರೆ ತಡವಾಗುತ್ತದೆ.

ಇನ್ನು ತುಕ್ಕು. ಆಂಬುಲೆನ್ಸಿನ ತುಕ್ಕು ಬೇರೆ ಗಾಡಿಯಂತಲ್ಲ. ರೋಗಿಯನ್ನು ಇಳಿಸಿದ ಮೇಲೆ ಬ್ಲೀಚಿಂಗ್ ನೀರು ಹಾಕಿ ತೊಳೆಯುತ್ತೇವೆ, ನಾನೇ ಸಾವಿರ ಸಲ ತೊಳೆದಿದ್ದೇನೆ. ಆ ನೀರು ಸ್ಟ್ರೆಚರ್ ಕೂರಿಸುವ ಬೋಲ್ಟಿನ ತೂತುಗಳಲ್ಲಿ ಇಳಿದು, ನೆಲಹಾಸಿನ ಕೆಳಗೆ ಪ್ಲೈವುಡ್ಡಿನಲ್ಲಿ ನಿಲ್ಲುತ್ತದೆ. ಮೇಲಿಂದ ನೆಲ ಫಳಫಳ, ಕೆಳಗೆ ತಗಡು ತಿಂದುಹೋಗಿರುತ್ತದೆ. ಉಪ್ಪುಗಾಳಿಯ ನಮ್ಮ ಊರಲ್ಲಿ ಕೇಳಲೇಬೇಡಿ. ಒಂದು ಟಿಂಕರಿಂಗ್ ಶಾಪಿನವರು "ಎಲ್ಲ ಕಟ್ ಮಾಡಿ ಹೊಸ ಶೀಟ್ ಕೂರಿಸಿದ್ದೇವೆ" ಎಂದು ದುಡ್ಡು ತೆಗೆದುಕೊಂಡರು. ಮನೆಗೆ ತಂದು ಸ್ಕ್ರೂಡ್ರೈವರ್ ಒತ್ತಿದರೆ ಪುಟ್ಟಿ ಒಡೆದು ನೆಲದ ಆಚೆ ಮಣ್ಣು ಕಂಡಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಕೈಹಿಡಿದದ್ದು ಮಲ್ಪೆಯ ದೋಣಿ ಕೆಲಸದವರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟುಗಳೆಲ್ಲ ದಡ ಸೇರಿ ರಿಪೇರಿ ನಡೆಯುವ ಕಾಲ ಅದು. ಫೈಬರ್ ಕೆಲಸ ಮಾಡುವ ಒಬ್ಬ ಹುಡುಗ ಗಾಡಿ ನೋಡಿ, "ಇದು ಬೋಟಿನ ಹಾಗೇ ಅಣ್ಣ, ನೀರು ಒಳಗೆ ಬರಬಾರದು ಅಷ್ಟೇ" ಎಂದ. ಕೊಳೆತದ್ದನ್ನು ಕೊಯ್ದು ಹೊಸ ತಗಡು ಬೆಸುಗೆ ಮಾಡಿಸಿ, ಅದರ ಮೇಲೆ ಮೆರೈನ್ ಪ್ಲೈ, ಅದರ ಮೇಲೆ ಫೈಬರ್ ಮ್ಯಾಟ್ ಮತ್ತು ಅದನ್ನು ಗಟ್ಟಿ ಹಿಡಿಸುವ ಅಂಟು, ಅಂದರೆ ರೆಸಿನ್. ಹೊರಗೆ ಆಷಾಢದ ಮಳೆ. ತೇವ ಇದ್ದರೆ ರೆಸಿನ್ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ಶೆಡ್ಡಿಗೆ ಟರ್ಪಾಲ್ ಕಟ್ಟಿ, ಎರಡು ಹ್ಯಾಲೊಜೆನ್ ದೀಪ ಹಚ್ಚಿ ಒಣಗಿಸಿದೆವು. ಮರುದಿನ ಆತ ಉಗುರಿನಿಂದ ಗೀರಿ ನೋಡಿದ. ಗೀರು ಬೀಳಲಿಲ್ಲ. ಆಗ ನಕ್ಕ.

ಬ್ಯಾಟರಿ, ಸೋಲಾರ್ ಬಗ್ಗೆ ಹೆಚ್ಚು ಹೇಳಲಾರೆ. 12.8 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಅಂದರೆ 1280 ವಾಟ್-ಅವರ್. ನಮ್ಮ ಮಳೆಗಾಲದಲ್ಲಿ ಸೋಲಾರನ್ನು ನಂಬಿ ಕೂರಬೇಡಿ, ಇಂಜಿನ್ ಓಡುವಾಗ ಚಾರ್ಜ್ ಆಗುವ ಹಾಗೆ ಮಾಡಿಸಿ. ಬಿಸಿ ತಡೆಯಲೆಂದು ಗೋಡೆಯೊಳಗೆ ಗ್ಲಾಸ್‌ವೂಲ್ ತುಂಬಬೇಡಿ, ತೇವ ಕುಡಿಯುತ್ತದೆ. ಗ್ಯಾಸ್ ಸಿಲಿಂಡರಿನ ಡಬ್ಬಿಗೆ ಗಾಳಿಯ ತೂತು ತಳದಲ್ಲೇ ಇರಲಿ, ಸೋರಿದ ಗ್ಯಾಸ್ ಕೆಳಗೇ ಕೂರುತ್ತದೆ. ಆಕ್ಸಿಜನ್ ಸಿಲಿಂಡರ್ ನಿಲ್ಲಿಸುತ್ತಿದ್ದ ಜಾಗದಲ್ಲಿ, ಅದೇ ಬೆಲ್ಟಿನಲ್ಲಿ, ಈಗ ನೀರಿನ ಕ್ಯಾನುಗಳು.

ಮಲಗಿದ ದಿನಕ್ಕೆ ಬರುತ್ತೇನೆ. ಓಡುವಾಗ ಎಲ್ಲೋ ಕಟಕಟ ಶಬ್ದ. ಎಲ್ಲಿಂದ ಎಂದು ಹುಡುಕಲು ಮಗನಿಗೆ ಸ್ಟಿಯರಿಂಗ್ ಕೊಟ್ಟು, ಹಳೆಯ ಸ್ಟ್ರೆಚರ್ ಜಾಗದ ಮಂಚದಲ್ಲಿ ಬೆಲ್ಟ್ ಕಟ್ಟಿಕೊಂಡು ಮಲಗಿದೆ. ತಲೆ ಮುಂದೆ, ಕಾಲು ಹಿಂಬಾಗಿಲ ಕಡೆ, ರೋಗಿಯನ್ನು ಮಲಗಿಸುವ ಹಾಗೆಯೇ. ಬ್ರಹ್ಮಾವರ ಬಿಟ್ಟದ್ದಷ್ಟೇ ಗೊತ್ತು. ಅವನು ಬ್ರೇಕ್ ಒತ್ತಿದರೆ ಮೈಯೆಲ್ಲ ತಲೆಯ ಕಡೆಗೆ ಜಾರುತ್ತದೆ, ಕಣ್ಣು ಕತ್ತಲೆ ಬಂದ ಹಾಗೆ. ತಿರುವು ಬರುವುದು ಕಾಣುವುದಿಲ್ಲವಲ್ಲ, ಅದಕ್ಕೆ ಮೈ ಸುಮ್ಮನೆ ಬಿಗಿ ಹಿಡಿದೇ ಇರುತ್ತದೆ. ಸೇತುವೆಯ ಜಾಯಿಂಟುಗಳು ಒಂದೊಂದೂ ಬೆನ್ನುಹುರಿಗೇ ಬಡಿದವು. ಕಣ್ಣಿಗೆ ಕಂಡದ್ದು ಚಾವಣಿಯಲ್ಲಿ ಡ್ರಿಪ್ ನೇತುಹಾಕುವ ಕೊಕ್ಕೆ, ಪಕ್ಕದಲ್ಲಿ ಬಿಳಿ ಫಿಲ್ಮ್ ಅಂಟಿಸಿದ ಕಿಟಕಿ.

ಆಗ ನೆನಪಾಯಿತು. ಹಿಂದೆ ಮಲಗಿದ ಮುದುಕಿಯರು ಕೇಳುತ್ತಿದ್ದರು, "ಎಲ್ಲಿಗ್ ಬಂತ್ ಮಗಾ?" ಎರಡು ನಿಮಿಷಕ್ಕೆ ಮತ್ತೆ, "ಎಲ್ಲಿಗ್ ಬಂತ್?" ಜ್ವರದ ಬಡಬಡಿಕೆ ಎಂದುಕೊಂಡು "ಬಂತು ಅಮ್ಮ, ಬಂತು" ಎನ್ನುತ್ತಿದ್ದೆ. ಊರಿನ ಹೆಸರು ಹೇಳುತ್ತಿರಲಿಲ್ಲ. ಕೋಟ ಬಂತು, ಸಾಲಿಗ್ರಾಮ ದಾಟಿತು ಎಂದು ಹೇಳಬಹುದಿತ್ತು. ಬಾಯಿಗೇನೂ ಖರ್ಚಿರಲಿಲ್ಲ.

ಆ ಶಬ್ದ ಪಾತ್ರೆ ಕಪಾಟಿನ ಚಿಲಕದ್ದು, ರಬ್ಬರ್ ಹಾಕಿದೆ. ಹಿಂದಿನ ಶಾಕ್ ಅಬ್ಸಾರ್ಬರ್ ಎರಡೂ ಬದಲಾಯಿಸಿದೆ. ಮತ್ತೆ ಬ್ಲೇಡು, ಸೋಪಿನ ನೀರು ಹಿಡಿದು ಕೂತು, ದಿಂಬಿನ ಎತ್ತರದಲ್ಲಿ ಕಿಟಕಿಯ ಬಿಳಿ ಫಿಲ್ಮನ್ನು ಒಂದು ಗೇಣು ಅಗಲ ಕೆರೆದು ತೆಗೆದೆ. ಮುಂದಿನ ವಾರ ಅದೇ ದಾರಿಯಲ್ಲಿ ಇನ್ನೊಮ್ಮೆ ಮಲಗಿ ಬಂದೆ. ಮಗ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗೇಣಗಲದ ಗಾಜಿನಲ್ಲಿ ತೆಂಗಿನ ತಲೆಗಳು ಓಡುತ್ತಿದ್ದವು. ಅವು ಮುಗಿದು ಬರೀ ಆಕಾಶ ಬಂತು. ಸೇತುವೆ ಹತ್ತಿದೆವು ಎಂದು ತಿಳಿಯಿತು.