ಕಾಗದದ ಚೂರು ಬಿಟ್ಟು ಸೆಲ್ಲೋಟೇಪ್ ಹಿಡಿದೆ

ಕರಾವಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರಾದವರಿಗೆ ಗೊತ್ತು, ಜುಲೈ ಮಳೆಯಲ್ಲಿ ಬಾಚಣಿಗೆ ಎಷ್ಟು ಉಜ್ಜಿದರೂ ಕಾಗದದ ಚೂರು ಮಿಸುಕುವುದಿಲ್ಲ. ತೇವಕ್ಕೆ ವಸ್ತುಗಳ ಮೈಮೇಲೆ ನೀರಿನ ತೆಳುಪದರ ಕೂರುತ್ತದೆ, ಉಜ್ಜಿದಾಗ ಬಂದ ವಿದ್ಯುತ್ ಆವೇಶ, ಅಂದರೆ ಚಾರ್ಜ್, ಅದರ ಮೇಲಿಂದ ಸೋರಿಹೋಗುತ್ತದೆ. ಸಾಲದ್ದಕ್ಕೆ ಮಕ್ಕಳ ತಲೆಯಲ್ಲಿ ತೆಂಗಿನೆಣ್ಣೆ ಬೇರೆ! ಹಾಗಾಗಿ ಸ್ಥಿರ ವಿದ್ಯುತ್ತಿನ ಪಾಠವನ್ನು ನಾನು ಡಿಸೆಂಬರ್-ಜನವರಿಗೆ ಎತ್ತಿಟ್ಟುಕೊಳ್ಳುತ್ತೇನೆ.

ಆದರೆ ಕಾಗದದ ಚೂರು ಚೆನ್ನಾಗಿ ಕುಣಿದಾಗಲೂ ನನಗೊಂದು ತಕರಾರಿದೆ. ಮಕ್ಕಳು ಅದನ್ನು ನೋಡಿ 'ಎರಡಕ್ಕೂ ಚಾರ್ಜ್ ಬಂದಿದೆ' ಅಂತ ಬರೆದುಕೊಳ್ಳುತ್ತಾರೆ. ಕಾಗದಕ್ಕೆ ಬಂದಿರುವುದಿಲ್ಲ. ಬಾಚಣಿಗೆ ಹತ್ತಿರ ಬಂದಾಗ ಕಾಗದದೊಳಗಿನ ಆವೇಶಗಳು ತುಸು ಅತ್ತಿತ್ತ ಸರಿಯುತ್ತವೆ; ವಿರುದ್ಧ ಆವೇಶ ಬಾಚಣಿಗೆಯ ಕಡೆಗೆ ಬರುವುದರಿಂದ ಸೆಳೆತ ಗೆಲ್ಲುತ್ತದೆ, ಅಷ್ಟೆ.

ಈಗ ನಾನು ಹಿಡಿಯುವುದು ಸೆಲ್ಲೋಟೇಪ್. ಮೇಜಿಗೆ ಮೊದಲು ಒಂದು ಉದ್ದ ಪಟ್ಟಿ ಅಂಟಿಸುವುದು, ಅದರ ಮೇಲೆ ಗೇಣುದ್ದದ ಎರಡು ಪಟ್ಟಿ ಅಕ್ಕಪಕ್ಕ ಅಂಟಿಸುವುದು. ಹಿಡಿಯಲು ತುದಿ ಮಡಚಿರಬೇಕು. ಆ ಎರಡನ್ನೂ ಸರ್ರನೆ ಕಿತ್ತು ಹತ್ತಿರ ತಂದರೆ ಒಂದನ್ನೊಂದು ದೂರ ತಳ್ಳುತ್ತವೆ. ಹಿಂದಿನ ಬೆಂಚಿನವರೂ ಎದ್ದು ನಿಲ್ಲುತ್ತಾರೆ.

ಮುಂದಿನದ್ದು ನನಗೆ ಹೆಚ್ಚು ಇಷ್ಟ. ಒಂದರ ಮೇಲೊಂದು ಅಂಟಿಸಿದ ಜೋಡಿಯನ್ನು ಒಟ್ಟಿಗೇ ಎಬ್ಬಿಸಿ, ನುಣುಪು ಬದಿಯನ್ನು ಬೆರಳಿಂದ ನಿಧಾನಕ್ಕೆ ಸವರಬೇಕು. ಆವೇಶ ಹೋಗಿ ಜೋಡಿ ಸುಮ್ಮನೆ ಜೋತುಬೀಳುತ್ತದೆ. ಆಮೇಲೆ ಬೇರ್ಪಡಿಸಿದರೆ ಎರಡೂ ಪರಸ್ಪರ ಸೆಳೆಯುತ್ತವೆ. ಇಲ್ಲಿ ಯಾರೂ ಏನನ್ನೂ ಉಜ್ಜಲಿಲ್ಲ. ಬರೀ ಅಂಟಿ ಬೇರೆಯಾದದ್ದಕ್ಕೇ ಒಂದು ಧನ, ಇನ್ನೊಂದು ಋಣ. ಒಟ್ಟಿಗಿದ್ದಾಗ ಲೆಕ್ಕ ಸೊನ್ನೆಯೇ ಇತ್ತಲ್ಲ? 'ಉಜ್ಜಿದರೆ ಚಾರ್ಜ್ ಹುಟ್ಟುತ್ತದೆ' ಎಂಬ ವಾಕ್ಯ ಉತ್ತರಪತ್ರಿಕೆಯಿಂದ ಮಾಯವಾಗುವುದು ಇದನ್ನು ಕೈಯಾರೆ ಮಾಡಿದ ಮೇಲೆಯೇ.

ಆಗ ಪಟ್ಟಿಯ ಹತ್ತಿರ ಬೆರಳು ತರಲು ಹೇಳುತ್ತೇನೆ. ಧನಪಟ್ಟಿಯೂ ಬೆರಳಿನತ್ತ ಬಾಗುತ್ತದೆ, ಋಣಪಟ್ಟಿಯೂ ಬಾಗುತ್ತದೆ. "ಸರ್, ಹಾಗಾದ್ರೆ ಬೆರಳಿಗೆ ಯಾವ ಚಾರ್ಜು?" ತರಗತಿ ಎರಡು ಪಕ್ಷವಾಗಿ ಜಗಳಕ್ಕೆ ಬೀಳುತ್ತದೆ. ನಾನು ಬಿಡಿಸಲು ಹೋಗುವುದಿಲ್ಲ. ಬೆರಳಿಗೆ ಯಾವುದೂ ಇಲ್ಲ, ಸೆಳೆತವನ್ನು ಸಾಕ್ಷಿ ಮಾಡಿಕೊಳ್ಳುವ ಹಾಗಿಲ್ಲ, ತಳ್ಳಿದರೆ ಮಾತ್ರ ಎರಡರಲ್ಲೂ ಆವೇಶ ಇದೆ ಎನ್ನಬಹುದು ಎಂಬಲ್ಲಿಗೆ ಅವರೇ ಬಂದು ಮುಟ್ಟುತ್ತಾರೆ. ಕೆಲವೊಮ್ಮೆ ಪೀರಿಯಡ್ ಮುಗಿದ ಮೇಲೆ.

ಯಾವ ಪಟ್ಟಿ ಋಣ ಎಂದು ತಿಳಿಯಲು ಎಣ್ಣೆಯಿಲ್ಲದ ತಲೆಯಲ್ಲಿ ಬಾಚಿದ ಪ್ಲಾಸ್ಟಿಕ್ ಬಾಚಣಿಗೆ ಸಾಕು. ಅದು ಸಾಮಾನ್ಯವಾಗಿ ಋಣವಾಗುತ್ತದೆ, ಅದು ದೂರ ತಳ್ಳುವ ಪಟ್ಟಿಯೂ ಋಣ. ಈ ಧನ-ಋಣ ಹೆಸರು 18ನೇ ಶತಮಾನದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಇಟ್ಟದ್ದು. ಋಣ ಆವೇಶದ ಕಣವಾದ ಎಲೆಕ್ಟ್ರಾನ್ ಸಿಕ್ಕಿದ್ದು 1897ರಲ್ಲಿ, ಜೆ.ಜೆ. ಥಾಮ್ಸನ್ ಕೈಗೆ. ಅಷ್ಟರಲ್ಲಿ ಹೆಸರು ಬೇರೂರಿತ್ತು, ಹಾಗಾಗಿ ತಂತಿಯಲ್ಲಿ ಎಲೆಕ್ಟ್ರಾನು ಒಂದು ಕಡೆ ಹರಿದರೆ ನಾವು ವಿದ್ಯುತ್ತಿನ ಬಾಣವನ್ನು ಇನ್ನೊಂದು ಕಡೆಗೆ ಬರೆಯುತ್ತೇವೆ. ಅದಕ್ಕೆ ಮಕ್ಕಳು ನನ್ನನ್ನೇ ಬೈಯುತ್ತಾರೆ.