ಶ್ರೀರಂಗಪಟ್ಟಣದಿಂದ ತಲಕಾಡಿಗೆ ಸೈಕಲ್ಲಿನಲ್ಲಿ: ಹೊಳೆ ಬಲಗಡೆಗೇ ಇರಲಿ

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಾವೇರಿ ದಂಡೆಯ ದಾರಿ ಅಂತ ಹೊರಟರೂ ಕಾವೇರಿ ಕಾಣುವುದು ಅಲ್ಲಲ್ಲಿ ಮಾತ್ರ. ಉಳಿದಷ್ಟು ಹೊತ್ತೂ ಪಕ್ಕದಲ್ಲಿ ಇರುವುದು ನಾಲೆ, ಗದ್ದೆ, ಕಬ್ಬು, ತೆಂಗು. ಮೊದಲ ಸಲ ಹೋದಾಗ ಅರಕೆರೆ ದಾಟುವವರೆಗೂ ಹೊಳೆ ಎಲ್ಲಿ ಎಂದು ಕತ್ತು ಉದ್ದ ಮಾಡಿಕೊಂಡೇ ತುಳಿದೆ. ಈ ಸೀಮೆಗೆ ಹೊಳೆ ಬರುವುದೇ ನಾಲೆಯ ಮೂಲಕ ಅನ್ನುವುದು ಗೊತ್ತಾಗಿದ್ದು ಎರಡನೇ ಸಲ. ನೀವು ಮೊದಲ ಸಲವೇ ಹಾಗೆ ನೋಡಿಕೊಂಡು ಹೋಗಿ, ನಿರಾಸೆಯಾಗುವುದಿಲ್ಲ.

ಮೈಸೂರಿನಿಂದ ಹೊರಡುವ ಬಹಳ ಜನ ಟಿ. ನರಸೀಪುರದ ಹೆದ್ದಾರಿ ಹಿಡಿದು ನೇರ ತಲಕಾಡಿಗೆ ಹೋಗುತ್ತಾರೆ. 45 ಕಿ.ಮೀ. ಆಸುಪಾಸು, ಬೇಗ ಮುಗಿಯುತ್ತದೆ. ಆದರೆ ಲಾರಿ, ಬಸ್ಸುಗಳ ಗಾಳಿಗೆ ತತ್ತರಿಸುತ್ತ ಹೋಗಿದ್ದಷ್ಟೇ ನೆನಪಿನಲ್ಲಿ ಉಳಿಯುತ್ತದೆ. ನಾನು ಹೇಳುವ ದಾರಿ ಹೊಳೆಯ ಎಡದಂಡೆಯದು, ಅಂದರೆ ಹೊಳೆ ಹರಿಯುವ ಕಡೆಗೇ ಹೋಗುವ ನಮಗೆ ಹೊಳೆ ಬಲಕ್ಕೆ ಇರುತ್ತದೆ: ಶ್ರೀರಂಗಪಟ್ಟಣ, ಕರಿಘಟ್ಟ, ಅರಕೆರೆ, ಬನ್ನೂರು, ಸೋಮನಾಥಪುರ, ಸೋಸಲೆ, ಮುಡುಕುತೊರೆ, ತಲಕಾಡು. ಹೆಚ್ಚುಕಡಿಮೆ 70 ಕಿ.ಮೀ. ದೊಡ್ಡ ಏರು ಎಲ್ಲೂ ಇಲ್ಲ. ದಾರಿ ತಪ್ಪಿತೇನೋ ಎಂಬ ಅನುಮಾನ ಬಂದರೆ ಯಾರನ್ನಾದರೂ "ಹೊಳೆ ಯಾವ ಕಡೆ?" ಎಂದು ಕೇಳಿ. ಬಲಗಡೆ ಕೈ ತೋರಿಸಿದರೆ ಸರಿಯಾಗಿಯೇ ಹೋಗುತ್ತಿದ್ದೀರಿ.

ಬೆಂಗಳೂರಿನವರಿಗೆ ಒಂದು ಎಚ್ಚರಿಕೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೊ, ಸೈಕಲ್ ಯಾವುದಕ್ಕೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು. ರೈಲಿನಲ್ಲಿ ಸೈಕಲ್ ತರುವುದಾದರೆ ಪಾರ್ಸಲ್ ಕಚೇರಿಯಲ್ಲಿ ಲಗೇಜ್ ಆಗಿ ಬುಕ್ ಮಾಡಿ ಮೈಸೂರಿಗೇ ತನ್ನಿ. ಶ್ರೀರಂಗಪಟ್ಟಣದಲ್ಲಿ ರೈಲು ನಿಲ್ಲುವ ಹೊತ್ತಿನಲ್ಲಿ ಲಗೇಜ್ ಬೋಗಿ ಬಾಗಿಲು ತೆಗೆಸಿ ಸೈಕಲ್ ಇಳಿಸುವುದು ಆಗದ ಮಾತು. ಮೈಸೂರಿನಿಂದ ವಾಪಸ್ 15 ಕಿ.ಮೀ. ತುಳಿದರಾಯಿತು. ಹಿಂದಿನ ದಿನ ಮಧ್ಯಾಹ್ನವೇ ಬಂದುಬಿಟ್ಟರೆ ಸಂಜೆ ರಂಗನತಿಟ್ಟು ನೋಡಬಹುದು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾದ ಜಾಗ ಅದು. ಹೊರಡುವ ದಿನ ಬೆಳಿಗ್ಗೆ ಮಾತ್ರ ಅಲ್ಲಿಗೆ ಹೋಗಬೇಡಿ. ಮೊದಲ ಸಲ ನಾನು ಮಾಡಿದ ತಪ್ಪೇ ಅದು: ಕೊಕ್ಕರೆ, ಮೊಸಳೆ ನೋಡುತ್ತ ಕೂತು, ಪಟ್ಟಣ ಬಿಡುವಾಗ ಹತ್ತೂವರೆ. ಬನ್ನೂರು ಮುಟ್ಟುವಷ್ಟರಲ್ಲಿ ನೆತ್ತಿ ಸುಡುತ್ತಿತ್ತು.

ಹೊರಡುವುದು ಬೆಳಿಗ್ಗೆ ಆರಕ್ಕೆ. ದ್ವೀಪ ಬಿಟ್ಟು ಉತ್ತರದ ಕವಲು ದಾಟುವಾಗ ಹಳೆಯ ವೆಲ್ಲೆಸ್ಲಿ ಸೇತುವೆ ನೋಡಿಕೊಳ್ಳಿ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಕಟ್ಟಿದ್ದು. ಸಾಲು ಸಾಲು ಕಲ್ಲುಕಂಬಗಳ ನಡುವೆ ನೀರು ನುಗ್ಗುವ ಸದ್ದು ಆ ಹೊತ್ತಿನಲ್ಲಿ ಚೆನ್ನಾಗಿ ಕೇಳುತ್ತದೆ. ಅಲ್ಲಿಂದ ಕರಿಘಟ್ಟದ ಕಡೆ ತಿರುಗಿದರೆ ವಾಹನಗಳ ಗದ್ದಲ ಕಡಿಮೆಯಾಗುತ್ತದೆ. ಬೆಟ್ಟ ಹತ್ತುವ ಆಸೆ ಇದ್ದರೆ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ನಾಲೆಗಳ ಬಗ್ಗೆ ಒಂದು ಮಾತು. ನಾಲೆ ಏರಿ ಮೇಲೆ ಸೈಕಲ್ ಹೊಡೆಯುವುದು ಚಿತ್ರದಲ್ಲಿ ಚೆಂದ. ತಡೆಗೋಡೆ ಇಲ್ಲದ ಏರಿಗಳೇ ಹೆಚ್ಚು. ನೀರು ಬಿಟ್ಟಾಗ ಸೆಳವು ಮೇಲೆ ಕಾಣುವುದಿಲ್ಲ, ಒಳಗಿನ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. 2018ರಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೇ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದು 30 ಜನ ಸತ್ತರು. ಫೋಟೊ ಬೇಕಿದ್ದರೆ ಇಳಿದು, ಸೈಕಲ್ ತಳ್ಳಿಕೊಂಡು ಹೋಗಿ ತೆಗೆಯಿರಿ.

ಅರಕೆರೆ ಸುತ್ತಿನಲ್ಲಿ ಚಳಿಗಾಲದಲ್ಲಿ ಹೋದರೆ ಎರಡು ಸಿಗುತ್ತವೆ. ಒಂದು ಆಲೆಮನೆ. ವಾಸನೆ ಮೊದಲು ಬರುತ್ತದೆ, ಆಮೇಲೆ ಹೊಗೆ. ನಿಂತು ಕೇಳಿದರೆ ಕಬ್ಬಿನ ಹಾಲು ಕೊಡುತ್ತಾರೆ. ಹೊಟ್ಟೆ ತುಂಬ ಕುಡಿದು ತುಳಿಯಲು ಹೋಗಬೇಡಿ, ಅರ್ಧ ಲೋಟ ಸಾಕು. ಇನ್ನೊಂದು, ರಸ್ತೆ ಮೇಲಿನ ಒಕ್ಕಣೆ. ಹುರುಳಿ, ರಾಗಿ ಹುಲ್ಲನ್ನು ಡಾಂಬರಿನ ಉದ್ದಕ್ಕೂ ಹರಡಿರುತ್ತಾರೆ. ಕಾರು ಅದರ ಮೇಲೆ ಹರಿದರೆ ಅವರ ಕೆಲಸ ಸುಲಭ, ಸೈಕಲ್ ಹರಿದರೆ ಹುರುಳಿ ಬಳ್ಳಿ ಹಿಂದಿನ ಗೇರಿನಲ್ಲಿ ಸುತ್ತಿಕೊಂಡು ಚೈನ್ ಕಚ್ಚಿಕೊಳ್ಳುತ್ತದೆ. ಅಂಚಿನಲ್ಲಿ ಒಂದಡಿ ಜಾಗ ಬಿಟ್ಟಿರುತ್ತಾರೆ, ಅದರಲ್ಲಿ ನಿಧಾನಕ್ಕೆ ದಾಟಿ. ನಾನು ಇಳಿದು ಬಳ್ಳಿ ಬಿಡಿಸುತ್ತ ಸೈಕಲ್ಲನ್ನು ಮೈಲಿಗಲ್ಲಿಗೆ ಒರಗಿಸಿದ್ದೆ. ಕಣದ ಹತ್ತಿರ ಕೂತಿದ್ದ ಅಜ್ಜ ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟ್ ದುಡ್ ಕೊಟ್ಟು ತಗಂಡಿದ್ದೀಯ, ಒಂದ್ ಸ್ಟ್ಯಾಂಡ್ ಆಕುಸ್ಕಳಾದಲ್ವಾ ಮಗ?" ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ಬನ್ನೂರಿನಲ್ಲಿ ತಿಂಡಿ ಮುಗಿಸಿ, ಬಾಟಲಿ ಎರಡೂ ತುಂಬಿಸಿಕೊಳ್ಳಿ. ಕುರಿಗೆ ಹೆಸರಾದ ಊರು, ಆದರೆ ಸೈಕಲ್ ತುಳಿಯುವ ದಿನ ಇಡ್ಲಿಯೇ ಕ್ಷೇಮ. ಅಲ್ಲಿಂದ ಸೋಮನಾಥಪುರ ಅರ್ಧ ಗಂಟೆಯ ದಾರಿ. 13ನೇ ಶತಮಾನದಲ್ಲಿ, ಹೊಯ್ಸಳ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಕೇಶವ ದೇವಾಲಯ. 2023ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿತು. ಕ್ಲೀಟ್ (ಪೆಡಲಿಗೆ ಕಚ್ಚಿಕೊಳ್ಳುವ ಕೊಕ್ಕೆ) ಇರುವ ಶೂ ಹಾಕಿಕೊಂಡು ಬರುವವರು ಇಲ್ಲಿಗಾಗಿಯೇ ಒಂದು ಜೊತೆ ಕಾಲುಚೀಲ ಹೆಚ್ಚಿಗೆ ತನ್ನಿ. ಹತ್ತು ಗಂಟೆ ಮೇಲೆ ಅಂಗಳದ ಕಲ್ಲುಚಪ್ಪಡಿ ಬರಿಗಾಲಿಗೆ ಕಾದ ಹೆಂಚು.

ಸೋಸಲೆಗೆ ಮುಂಚೆ ನನ್ನ ಹಿಂದಿನ ಟೈರು ಕೂತಿತು. ನೆರಳಿಗೆಂದು ರಸ್ತೆ ಬಿಟ್ಟು ಹುಲ್ಲಿನ ಮೇಲೆ ಸೈಕಲ್ ಇಳಿಸಿದ್ದೇ ಕಾರಣ: ನೆಗ್ಗಿಲ ಮುಳ್ಳು. ನೆಲಕ್ಕೆ ಹರಡಿಕೊಂಡು ಪುಟ್ಟ ಹಳದಿ ಹೂ ಬಿಡುವ ಬಳ್ಳಿ ನೋಡಿದರೆ ಅಲ್ಲಿಗೆ ಚಕ್ರ ಇಳಿಸಲೇಬೇಡಿ. ಒಂದು ಟ್ಯೂಬ್ ಬದಲಾಯಿಸಿ ಹತ್ತು ನಿಮಿಷಕ್ಕೆ ಅದೂ ಹೋಯಿತು, ಏಕೆಂದರೆ ಟೈರಿನ ಒಳಗೆ ಬೆರಳಾಡಿಸಿ ನೋಡದೆ ಇನ್ನೊಂದು ಮುಳ್ಳನ್ನು ಅಲ್ಲೇ ಬಿಟ್ಟಿದ್ದೆ. ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಬಂದರೆ, ತೇಪೆ ಹಾಕಲು ಹುಡುಗನಿಗೆ ಐದು ನಿಮಿಷ. ಗಾಳಿ ತುಂಬಲು ಮಾತ್ರ ಆಗಲಿಲ್ಲ. ನನ್ನದು ಪ್ರೆಸ್ಟಾ ವಾಲ್ವ್, ಕಡ್ಡಿಯ ಹಾಗೆ ಸಣ್ಣದು. ಅವನ ಕಂಪ್ರೆಸರ್ ಮೂತಿ ಬೈಕಿನದು. ಕೊನೆಗೆ ನನ್ನ ಗೇಣುದ್ದದ ಪಂಪಿನಲ್ಲಿ ಇಬ್ಬರೂ ಸರದಿಯ ಮೇಲೆ ಹೊಡೆದೆವು. ಪ್ರೆಸ್ಟಾ ಅಡಾಪ್ಟರ್ ಬೆರಳ ತುದಿಯಷ್ಟು ಇರುತ್ತದೆ, ಒಂದನ್ನು ವಾಲ್ವಿಗೇ ಸಿಕ್ಕಿಸಿಕೊಂಡು ಹೊರಡಿ. ಟೈರು 28 ಮಿ.ಮೀ.ಗಿಂತ ಸಪೂರ ಬೇಡ. 32 ಇದ್ದರೆ ಬಣ್ಣ ಬಳಿಯದ ಹಂಪುಗಳಿಗೂ ಒಳ್ಳೆಯದು. ಪ್ರತಿ ಊರಿನ ಬಾಯಲ್ಲೂ ಒಂದು ಹಂಪು ಇದ್ದೇ ಇರುತ್ತದೆ, ಮರದ ನೆರಳಿದ್ದ ಕಡೆ ಕಾಣುವುದೇ ಇಲ್ಲ.

ಟಿ. ನರಸೀಪುರದಲ್ಲಿ ಕಪಿಲೆ (ಕಬಿನಿ) ಬಂದು ಕಾವೇರಿಗೆ ಸೇರುತ್ತಾಳೆ. ಸಂಗಮ ನೋಡಿಕೊಂಡು ಎಡದಂಡೆಗೇ ವಾಪಸ್ ಬಂದು ತಲಕಾಡಿನ ರಸ್ತೆ ಹಿಡಿಯಿರಿ. ಇಡೀ ದಾರಿಯಲ್ಲಿ ನನಗೆ ಇಷ್ಟವಾದ ತುಂಡು ಇದು. ಮುಡುಕುತೊರೆ ಬೆಟ್ಟ ದೂರದಿಂದಲೇ ಕಾಣುತ್ತ ಹತ್ತಿರವಾಗುತ್ತದೆ, ಕಾಲ ಬುಡದಲ್ಲೇ ಹೊಳೆ ಹರಿಯುತ್ತದೆ.

ತಲಕಾಡಿನಲ್ಲಿ ಸೈಕಲ್ಲಿಗೆ ಕೆಲಸವಿಲ್ಲ. ಪಾತಾಳೇಶ್ವರ, ಮರಳೇಶ್ವರ, ಕೀರ್ತಿನಾರಾಯಣ ಎಲ್ಲವನ್ನೂ ಮರಳಿನಲ್ಲಿ ನಡೆದೇ ನೋಡಬೇಕು. "ತಲಕಾಡು ಮರಳಾಗಿ, ಮಾಲಂಗಿ ಮಡುವಾಗಿ" ಎಂಬ ಅಲಮೇಲಮ್ಮನ ಶಾಪ ಎಲ್ಲರಿಗೂ ಗೊತ್ತು. ಹತ್ತಿರದ ಮಾಧವಮಂತ್ರಿ ಕಟ್ಟೆಯಿಂದ ಹೊಳೆಯಲ್ಲಿ ಮರಳು ನಿಂತು, ಗಾಳಿಗೆ ಊರ ಮೇಲೆ ಬಂದು ಬಿತ್ತು ಎನ್ನುವ ವಾದವೂ ಇದೆ. ಶಾಪವೋ ಕಟ್ಟೆಯೋ, ಮಡುವಿನ ಮಾತು ಮಾತ್ರ ನಂಬಿ: ಈಜು ಬರುತ್ತದೆ ಎಂದು ಗುರುತಿಲ್ಲದ ಕಡೆ ನೀರಿಗೆ ಇಳಿಯಬೇಡಿ.

ವಾಪಸಾಗುವುದೇ ನಿಜವಾದ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣ ದಿಕ್ಕಿನಿಂದ ಬೀಸುತ್ತದೆ. ಹೋಗುವಾಗ ಬೆನ್ನು ತಟ್ಟಿದ ಗಾಳಿ ಮೈಸೂರಿಗೆ ಮರಳುವಾಗ ಎದೆಗೆ ಕೈ ಇಟ್ಟು ತಳ್ಳುತ್ತದೆ. ಹಾಗಾಗಿ ಅದೇ ದಿನ ಹಿಂದಿರುಗುವ ಲೆಕ್ಕ ಹಾಕಬೇಡಿ, ರಾತ್ರಿ ಉಳಿದುಬಿಡಿ. ಕಾಲಿನಲ್ಲಿ ಇನ್ನೂ ಕಸುವಿದ್ದರೆ ಮಾರನೇ ದಿನ ಬೆಳಕವಾಡಿ ಮೇಲೆ ಗಗನಚುಕ್ಕಿಗೆ ಹೋಗಿ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದು ಇದೇ ಶಿವನಸಮುದ್ರದಿಂದ. ಅಲ್ಲಿಂದ ಮಳವಳ್ಳಿ ಮೇಲೆ ಮದ್ದೂರಿಗೆ ಬಂದರೆ ಬೆಂಗಳೂರಿನವರಿಗೆ ವಾಪಸ್ ತಲಕಾಡು, ಮೈಸೂರು ಸುತ್ತುವುದು ತಪ್ಪುತ್ತದೆ. ಹೊರಡುವ ಮುಂಚೆ ಚೈನ್ ಒರೆಸಿ ಹೊಸದಾಗಿ ಎಣ್ಣೆ ಬಿಡಿ. ನಾನು ಒರೆಸದೆ ಎಣ್ಣೆ ಮಾತ್ರ ಬಿಟ್ಟೆ. ಮಳವಳ್ಳಿವರೆಗೂ ರಾಗಿಕಲ್ಲು ಬೀಸಿದ ಹಾಗೆ ಮರಳು ಅರೆಯುವ ಸದ್ದು ಕೇಳಿಕೊಂಡೇ ಹೋದೆ.