ಸಿಲಿಂಡರ್ ಯಾರ ಜವಾಬ್ದಾರಿ?

ಸೋಮವಾರಪೇಟೆ ಸಮೀಪದ ನಮ್ಮ ಸಮುದಾಯ ಭವನದಲ್ಲಿ, ಕಾಫಿ ಕೊಯ್ಲಿನ ತಿಂಗಳುಗಳ ಭಾನುವಾರಗಳಂದು ತೋಟದ ಕೂಲಿಕಾರರು ವಾಸಿಸುವ ಲೈನ್ ಮನೆಗಳ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುತ್ತೇವೆ. ಶಾಲೆಯಿರುವ ದಿನ ಬಿಸಿಯೂಟ ಸಿಗುತ್ತದೆ. ಆದರೆ ಅರೇಬಿಕಾ ಕಾಫಿ ಮುಗಿದು ರೊಬಸ್ಟಾ ಕಾಫಿ ಹಣ್ಣಾಗುವ ಜನವರಿಯಲ್ಲಿ ತಂದೆತಾಯಿ ಭಾನುವಾರವೂ ಕೊಯ್ಲಿಗೆ ಹೋಗುವುದರಿಂದ ಮಕ್ಕಳ ಮಧ್ಯಾಹ್ನದ ಊಟಕ್ಕೆ ಯಾರೂ ಇರುವುದಿಲ್ಲ. ಈ ಅಡುಗೆಮನೆಗೆ ಜನರನ್ನು ಹೊಂದಿಸುವುದು ನನ್ನ ಕೆಲಸ.

ಮೊದಲ ವರ್ಷ ಒಬ್ಬ ಅಡುಗೆಯವರನ್ನು ಸಂಬಳಕ್ಕಿಟ್ಟುಕೊಂಡು, ಹನ್ನೆರಡು ಸ್ವಯಂಸೇವಕರ ಹೆಸರು ಬರೆದುಕೊಂಡು, ಇಷ್ಟು ಕೈಗಳಿದ್ದರೆ ಅರವತ್ತು ಮಕ್ಕಳ ಊಟ ಕಷ್ಟವೇನಲ್ಲ ಎಂದು ನಂಬಿದ್ದೆ. ಒಂದು ಭಾನುವಾರ ಹನ್ನೊಂದೂವರೆಗೆ ಅಡುಗೆಯವರು ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದರು. ಅನ್ನವಾಗಿತ್ತು, ಬೇಳೆ ಅರ್ಧ ಬೆಂದಿತ್ತು, ಉರಿ ಆರಿತ್ತು. "ಮೇಡಂ, ಸಿಲಿಂಡರ್ ತರೋದು ಯಾರು ಅಂತ ನನಗೆ ಯಾರೂ ಹೇಳಿಲ್ಲ" ಎಂದರು. ಬಂದಿದ್ದ ಐದು ಮಂದಿ ಸ್ವಯಂಸೇವಕರೂ ಬಡಿಸಲೆಂದೇ ಬಂದವರು. ಪಕ್ಕದ ಮನೆಯಿಂದ ಸಿಲಿಂಡರ್ ತಂದು ಸಾರು ಕುದಿಸುವಷ್ಟರಲ್ಲಿ ಎರಡು ಗಂಟೆಯಾಯಿತು. ಅಷ್ಟು ಹೊತ್ತೂ ಒಂದು ಪುಟ್ಟ ಹುಡುಗಿ ಸ್ಟೀಲ್ ತಟ್ಟೆಯನ್ನು ಎದೆಗವಚಿಕೊಂಡು ಜಗಲಿಯಲ್ಲಿ ಕುಳಿತಿದ್ದಳು. ಅವಳು ಅಳಲಿಲ್ಲ, ಕೇಳಲೂ ಇಲ್ಲ. ನನಗೆ ಅದೇ ಹೆಚ್ಚು ನೋವಾಯಿತು.

ತಪ್ಪು ನನ್ನದು. "ಬಂದು ಸಹಾಯ ಮಾಡಿ" ಎಂದು ಕರೆದರೆ ಜನ ಕಣ್ಣಿಗೆ ಕಾಣುವ ಕೆಲಸಕ್ಕೇ ಕೈಹಾಕುತ್ತಾರೆ. ಹಿಂದಿನ ದಿನ ತರಕಾರಿ ತರುವುದು, ಬೆಳಿಗ್ಗೆ ಲೈನ್ ಮನೆಗಳಿಗೆ ಹೋಗಿ ತಲೆ ಎಣಿಸಿ ಬರುವುದು, ಕೊನೆಗೆ ದೊಡ್ಡ ಪಾತ್ರೆಗಳನ್ನು ತಿಕ್ಕುವುದು ಯಾರ ಪಾಲಿಗೂ ಬರುವುದಿಲ್ಲ. ಇನ್ನೊಂದು ಸಂಗತಿ ಕಾಫಿ ಬೆಳೆಯುವ ನಮ್ಮಂಥ ಊರುಗಳದು: ಮಕ್ಕಳಿಗೆ ನಾವು ಹೆಚ್ಚು ಬೇಕಾಗುವ ತಿಂಗಳಲ್ಲೇ ಸ್ವಯಂಸೇವಕರಿಗೂ ತಮ್ಮ ತೋಟದ ಕೊಯ್ಲು, ಕಣದಲ್ಲಿ ಕಾಫಿ ಒಣಗಿಸುವ ಕೆಲಸ ಇರುತ್ತದೆ. ಡಿಸೆಂಬರ್‌ಗೆ ಮೊದಲು ಕೊಟ್ಟ ಮಾತನ್ನು ಜನವರಿಯಲ್ಲಿ ನಡೆಸಿಕೊಡುವುದು ಅವರಿಗೆ ಸುಲಭವಲ್ಲ.

ಶಾಲೆಗಳ ಬಿಸಿಯೂಟದ ನಿಯಮವನ್ನು ಆಮೇಲೆ ಗಮನವಿಟ್ಟು ನೋಡಿದೆ. 25 ಮಕ್ಕಳವರೆಗೆ ಒಬ್ಬ ಅಡುಗೆಯವರು, 26ರಿಂದ 100ರವರೆಗೆ ಇಬ್ಬರು. ಪ್ರಾಥಮಿಕ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ನಮ್ಮ ಅರವತ್ತು ಮಕ್ಕಳಿಗೆ ಅದರಂತೆ ಆರು ಕಿಲೋ ಅಕ್ಕಿ, ಮೂರು ಕಿಲೋ ತರಕಾರಿ. ಅಷ್ಟನ್ನು ತೊಳೆದು, ಹೆಚ್ಚಿ, ಬೇಯಿಸುವುದು ಒಬ್ಬರ ಕೆಲಸವಲ್ಲ. ಹನ್ನೆರಡು ಸ್ವಯಂಸೇವಕರಿದ್ದರೂ ಎರಡನೆಯ ಅಡುಗೆಯವರ ಜಾಗ ತುಂಬುವುದಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು.

ಮರುವರ್ಷ ದೇಣಿಗೆಯ ಹಣದಲ್ಲಿ ಮೊದಲು ಇಬ್ಬರು ಅಡುಗೆಯವರ ಸಂಬಳವನ್ನು ತೆಗೆದಿಟ್ಟೆವು. ಕೊಯ್ಲಿನ ಕೂಲಿ ಕಿಲೋ ಲೆಕ್ಕದಲ್ಲಿ ಸಿಗುವಾಗ ಅದಕ್ಕೆ ಸಮನಾದ ಹಣ ಕೊಡದೆ ಅವರನ್ನು ಉಳಿಸಿಕೊಳ್ಳುವುದು ನ್ಯಾಯವೂ ಅಲ್ಲ. ಸ್ವಯಂಸೇವಕರಲ್ಲಿ ಪ್ರತಿಯೊಬ್ಬರಿಗೂ ಒಂದೇ ಕೆಲಸ, ತಿಂಗಳಿಗೆ ಒಂದೇ ಭಾನುವಾರ. ಅವರು ಬಾರದಿದ್ದರೆ ಬರಬೇಕಾದವರ ಹೆಸರು ಪಕ್ಕದಲ್ಲೇ. ಬಡಿಸುವ ಮುನ್ನ ದೊಡ್ಡವರೊಬ್ಬರು ಊಟದ ರುಚಿ ನೋಡಿ ಪುಸ್ತಕದಲ್ಲಿ ಸಹಿ ಮಾಡುತ್ತಾರೆ.

ಅಡುಗೆಮನೆಯ ಬಾಗಿಲ ಪಕ್ಕದ ಕಪ್ಪು ಹಲಗೆಯಲ್ಲಿ ಈಗ ಮೊದಲ ಸಾಲು ಸಿಲಿಂಡರ್‌ನದು. ಶನಿವಾರ ಸಂಜೆ ಐದಕ್ಕೆ ಅದನ್ನು ಅಲುಗಿಸಿ ನೋಡಿ, ಎದುರಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ ಮೇಲೆಯೇ ಆ ದಿನದ ಜವಾಬ್ದಾರಿಯವರು ಮನೆಗೆ ಹೋಗುತ್ತಾರೆ.